ಮೊರದ ತುಂಬ ಜೋಳ

ಹೊಸಪೇಟೆಯ ನಮ್ಮ ತವರಿನಲ್ಲಿ ಹೆರಿಗೆಯಾದರೆ ಸೂಲಗಿತ್ತಿಗೆ ಅಂದೇ ಹಣ ಎಣಿಸಿ ಕಳಿಸುತ್ತಿರಲಿಲ್ಲ. ಆಕೆ ದಿನಾ ಬಂದು ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುವಳು. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಅವಳಿಗೆ ಸೀರೆ, ಕುಬಸದ ಕಣ, ಮೊರದ ತುಂಬ ಜೋಳ. ಇದೆಲ್ಲ ತಾಯಿ ಮಗು ಚೆನ್ನಾಗಿದ್ದರೆ ಮಾತ್ರ. ಒಮ್ಮೆ ನಮ್ಮ ಮನೆಯಲ್ಲಿ ಕೂಸು ಉಳಿಯಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ದುಡಿದವಳು ಬರಿಗೈಲಿ, ತಲೆ ತಗ್ಗಿಸಿ ಹೋದದ್ದನ್ನು ನಾನು ಕಂಡಿದ್ದೇನೆ. ತಪ್ಪು ಅವಳದಾಗಿರಲಿಲ್ಲ.

ಆಸ್ಪತ್ರೆಯವರು ಮಾಡಿದ ಕೆಲಸಕ್ಕಲ್ಲ, ರೋಗಿಗೆ ಆದ ಗುಣಕ್ಕೆ ಹಣ ಕೊಡಬೇಕು ಎಂಬ ಮಾತು ಈಗ ಜಗತ್ತಿನೆಲ್ಲೆಡೆ ಕೇಳಿಬರುತ್ತಿದೆ. ಕೇಳಿದಾಗಲೆಲ್ಲ ನನಗೆ ಆ ಬರಿಗೈ ನೆನಪಾಗುತ್ತದೆ.

ಹಾಗೆಂದು ಮಾಡಿದ್ದಕ್ಕೆಲ್ಲ ಬಿಲ್ಲು ಬರೆಯುವ ಪದ್ಧತಿ ಒಳ್ಳೆಯದೆನ್ನಲೇ? ಸಹಜ ಹೆರಿಗೆಗಿಂತ ಸಿಸೇರಿಯನ್‌ಗೆ ಹೆಚ್ಚು ಹಣ ಬರುವಾಗ ಕತ್ತರಿ ಬೇಗ ಕೈಗೆ ಬಂದರೆ ಆಶ್ಚರ್ಯವೇನು? 2009ರಲ್ಲಿ ಕರ್ನಾಟಕ ಸರ್ಕಾರ ತಂದ ತಾಯಿ ಭಾಗ್ಯ ಯೋಜನೆಯಲ್ಲಿ ಇದಕ್ಕೊಂದು ಉತ್ತರವಿತ್ತು. ತುಂಗಭದ್ರೆಯಾಚೆಯ ಕೊಪ್ಪಳವೂ ಸೇರಿ ಕೆಲವು ಜಿಲ್ಲೆಗಳಲ್ಲಿ, ಬಡವರ 100 ಹೆರಿಗೆ ಮಾಡಿಸಿದ ಖಾಸಗಿ ಆಸ್ಪತ್ರೆಗೆ 3 ಲಕ್ಷ ರೂಪಾಯಿ. ಸಹಜವಾಗಲಿ, ಸಿಸೇರಿಯನ್ ಆಗಲಿ, ದರ ಒಂದೇ. ಬೇಡದ ಶಸ್ತ್ರಚಿಕಿತ್ಸೆಯಿಂದ ಲಾಭವಿಲ್ಲ. ಆದರೆ ಕಷ್ಟದ ಹೆರಿಗೆಯನ್ನು ‘ದೊಡ್ಡಾಸ್ಪತ್ರೆಗೆ ಹೋಗಿರಮ್ಮ’ ಎಂದು ಸಾಗಹಾಕುವವರಿಗೆ ಲಾಭವಿದೆಯಲ್ಲ!

ಇನ್ನೊಂದು ಪ್ರಯೋಗವೂ ನಮ್ಮ ರಾಜ್ಯದಲ್ಲೇ ನಡೆಯಿತು. ಮನೋಜ್ ಮೋಹನನ್ ಮತ್ತು ಸಂಗಡಿಗರು ಹಳ್ಳಿಗಾಡಿನ ಖಾಸಗಿ ಹೆರಿಗೆ ವೈದ್ಯರನ್ನು ಚೀಟಿ ಎತ್ತಿದಂತೆ ವಿಂಗಡಿಸಿದರು. ಕೆಲವರಿಗೆ ಸರಿಯಾದ ಕ್ರಮ ಪಾಲಿಸಿದ್ದಕ್ಕೆ ಹಣ; ಕೆಲವರಿಗೆ ರಕ್ತಸ್ರಾವ, ನಂಜು, ಶಿಶುಮರಣದಂಥವು ಕಡಿಮೆಯಾದದ್ದಕ್ಕೆ ಹಣ. ಲೆಕ್ಕಕ್ಕಾಗಿ ಹೆತ್ತ ತಾಯಂದಿರನ್ನೇ ಮಾತಾಡಿಸಿದರು. 2021ರಲ್ಲಿ ಅಚ್ಚಾದ ವರದಿಯಂತೆ, ಹೆರಿಗೆಯ ನಂತರದ ರಕ್ತಸ್ರಾವ ಎರಡೂ ಗುಂಪಿನಲ್ಲಿ ಸುಮಾರು ಐದನೆಯ ಒಂದು ಪಾಲು ಇಳಿಯಿತು. ಫಲಕ್ಕೆ ಹಣವೆಂದಾಗ ಹೆಚ್ಚು ಓದಿದ ವೈದ್ಯರು ಹೊಸ ದಾರಿ ಹುಡುಕಿ ಮುಂದೆ ಹೋದರು. ಕ್ರಮಕ್ಕೆ ಹಣವೆಂದಾಗ ಕಡಿಮೆ ಓದಿದವರೂ ಅವರಿಗೆ ಸಮನಾಗಿ ನಿಂತರು. ಹೆಚ್ಚು ಓದಿದವರು ಸಿಗದ ಊರುಗಳಿಗೆ ಇದು ಸಣ್ಣ ಮಾತಲ್ಲ.

ಬರೀ ಕೆಲಸ ಎಣಿಸಿ ಹಣ ಕೊಟ್ಟರೆ ಬಾಣಂತಿ ಮರೆತುಹೋಗುತ್ತಾಳೆ. ಬರೀ ಫಲ ನೋಡಿ ಕೊಟ್ಟರೆ ಕೈಮೀರಿದ ಸಾವಿಗೂ ದುಡಿದವರೇ ದಂಡ ತೆರಬೇಕಾಗುತ್ತದೆ. ಕ್ರಮವಾಗಿ ದುಡಿದವರಿಗೆ ಕೂಲಿ ತಪ್ಪಬಾರದು. ಆಮೇಲೆ ಮನೆಗೆ ಬಂದು ‘ಹೆಂಗದೀಯವ್ವ?’ ಎಂದು ಬಾಣಂತಿಯನ್ನು ಕೇಳುವುದೂ ತಪ್ಪಬಾರದು. ನಮ್ಮ ಸೂಲಗಿತ್ತಿ ಕೂಸು ಹೋದ ಮೇಲೂ ಹನ್ನೊಂದು ದಿನ ಬಂದು ತಾಯಿಗೆ ಎರೆದು ಹೋದಳು.

‘ಅವಳಿಗೆ ಅರ್ಧ ಮೊರ ಜೋಳನಾದ್ರೂ ಕೊಡಬೇಕಿತ್ತು’ ಎಂದು ಅವ್ವ ಕೊನೆಗಾಲದವರೆಗೂ ಹೇಳುತ್ತಿದ್ದಳು.