ಪಂಪಿನ ನಾಡಿ

ಕಳೆದ ಮಳೆಗಾಲದಲ್ಲಿ ಎರಡು ವಾರ ನಾನು ಕಂಪ್ಯೂಟರ್ ಪರದೆಯ ಮೇಲಿನ ಒಂದು ಗೆರೆಯ ಜೊತೆ ಜಗಳವಾಡಿದೆ. ಅರಿಶಿನದಿಂದ ಕರ್ಕ್ಯುಮಿನ್ ಮತ್ತು ಅದರ ಇಬ್ಬರು ಸೋದರರನ್ನು ಬೇರ್ಪಡಿಸುವ ಕೆಲಸ ನನ್ನದು. ಯಂತ್ರ ಎಚ್‌ಪಿಎಲ್‌ಸಿ, ಅಂದರೆ ದ್ರಾವಕವನ್ನು ಭಾರೀ ಒತ್ತಡದಲ್ಲಿ ಸಣ್ಣ ಉಕ್ಕಿನ ಕೊಳವೆಯೊಳಗೆ ನುಗ್ಗಿಸಿ, ಬೆರೆತದ್ದನ್ನು ಬಿಡಿಸುವ ಕ್ರೊಮಟೋಗ್ರಫಿ. ಎಲ್ಲ ಸರಿಯಿದ್ದರೆ ಪರದೆಯಲ್ಲಿ ಸಪಾಟಾದ ಗೆರೆ, ಅದರ ಮೇಲೆ ಮೂರು ಶಿಖರ. ನನಗೆ ಮೂರನೆಯದರ ಪಕ್ಕದಲ್ಲಿ ಒಂದು ಪುಟ್ಟ ಗುಬ್ಬು ಕಾಣಿಸಿತು. ನೋಟ್‌ಬುಕ್ಕಿನಲ್ಲಿ 'ನಾಲ್ಕನೆಯದು?' ಎಂದು ಬರೆದೆ. ಸಂಶೋಧನೆಯ ನಾಲ್ಕನೇ ವರ್ಷದಲ್ಲಿರುವವರಿಗೆ ಆ ಪ್ರಶ್ನಾರ್ಥಕ ಚಿಹ್ನೆ ಎಷ್ಟು ಸಿಹಿಯೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ಹೊಸ ಸಂಯುಕ್ತ, ಒಂದು ಅಧ್ಯಾಯ, ಬಹುಶಃ ಒಂದು ಪ್ರಬಂಧ.

ಆಮೇಲೆ ಅರಿಶಿನವನ್ನೇ ಹಾಕದೆ ಬರೀ ದ್ರಾವಕ ಓಡಿಸಿದೆ. ಗುಬ್ಬು ಅಲ್ಲೂ ಇತ್ತು. ಗೆರೆಯನ್ನು ಹಿಗ್ಗಿಸಿ ನೋಡಿದರೆ ಗುಬ್ಬು ಒಂದಲ್ಲ, ಸಾಲು ಸಾಲು. 12 ಸೆಕೆಂಡಿಗೊಂದು.

ಆ 12 ಸೆಕೆಂಡಿನ ಮೂಲ ಹುಡುಕುತ್ತ ಪಂಪುಗಳ ಚರಿತ್ರೆ ಓದತೊಡಗಿದೆ. (ಫೋನಿನಲ್ಲಿ 'ಪಂಪ್ ಬಗ್ಗೆ ಓದ್ತಿದೀನಿ' ಎಂದಾಗ ಕನ್ನಡ ಎಂ.ಎ. ಮಾಡಿದ ಗೆಳತಿಗೆ ಬಹಳ ಖುಷಿಯಾಯಿತು. ವಿಕ್ರಮಾರ್ಜುನ ವಿಜಯದ ಯಾವ ಆಶ್ವಾಸ ಎಂದು ಕೇಳಿದಳು.) ಓದಿದಷ್ಟೂ ಒಂದು ವಿಷಯ ಖಚಿತವಾಯಿತು: ದ್ರವವನ್ನು ತಳ್ಳುವುದು ಮನುಷ್ಯನಿಗೆ ಯಾವತ್ತೂ ಅಂಥ ಕಷ್ಟದ ಕೆಲಸವಾಗಿರಲಿಲ್ಲ. ಅದನ್ನು ಒಂದೇ ಸಮನೆ ತಳ್ಳುವುದು ಮಾತ್ರ ಎರಡು ಸಾವಿರ ವರ್ಷಗಳ ತಲೆನೋವು.

ಕ್ರಿಸ್ತಪೂರ್ವ ಮೂರನೇ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಕ್ಟೆಸಿಬಿಯಸ್ ಎಂಬ ಯಂತ್ರಜ್ಞನಿದ್ದ. ಅವನ ಪಂಪಿನ ವಿವರ ನಮಗೆ ರೋಮಿನ ವಿಟ್ರೂವಿಯಸ್‌ನ ಬರಹದಿಂದ ಸಿಗುತ್ತದೆ. ಎರಡು ಕಂಚಿನ ಉರುಳೆಗಳು, ಒಂದೊಂದಕ್ಕೂ ಕೊಂತ, ಹಿಂದೆ ಹರಿಯದಂತೆ ಕವಾಟ, ಎರಡರ ನೀರೂ ಬಂದು ಸೇರುವ ನಡುವಿನ ಪಾತ್ರೆ. ಒಂದು ಕೊಂತ ಮೇಲೇಳುವಾಗ ಇನ್ನೊಂದು ಕೆಳಗಿಳಿಯುತ್ತದೆ. ನಮ್ಮ ಕುಲುಮೆಯ ಜೋಡಿ ತಿದಿಯದೂ ಇದೇ ಲೆಕ್ಕ. ಒಂದು ತಿದಿ ಉಸಿರೆಳೆದುಕೊಳ್ಳುವಾಗ ಇನ್ನೊಂದು ಊದುತ್ತಿರುತ್ತದೆ, ಕೆಂಡ ಮಂಕಾಗುವುದಿಲ್ಲ. ನನ್ನ ಪ್ರಯೋಗಾಲಯದ ಪಂಪಿನ ಮುಚ್ಚಳ ತೆಗೆದಾಗ ಕಂಡದ್ದೂ ಎರಡು ಪಿಸ್ಟನ್, ನಾಲ್ಕು ಕವಾಟ. ಕಂಚಿನ ಬದಲು ಉಕ್ಕು ಮತ್ತು ನೀಲಮಣಿ, ಅಷ್ಟೇ ವ್ಯತ್ಯಾಸ.

ಇದೇ ಕ್ಟೆಸಿಬಿಯಸ್‌ನ ಇನ್ನೊಂದು ಖ್ಯಾತಿ ನೀರ್ಗಡಿಯಾರದ್ದು. ಪಾತ್ರೆಯಿಂದ ನೀರು ಸೋರಿಸಿ ಕಾಲ ಅಳೆಯುವುದರಲ್ಲಿ ಒಂದು ತೊಡಕಿದೆ. ನೀರು ಇಳಿದಂತೆ ಒತ್ತಡವೂ ಇಳಿದು ಹರಿವು ನಿಧಾನವಾಗುತ್ತದೆ. ಪಾತ್ರೆಯನ್ನು ಸದಾ ತುಂಬಿ ತುಳುಕಿಸಿ, ಹೆಚ್ಚಾದದ್ದು ಹೊರಗೆ ಹೋಗುವಂತೆ ಮಾಡಿ ನೀರಿನ ಮಟ್ಟವನ್ನು ಹಿಡಿದಿಡುವುದು ಅದಕ್ಕೆ ಪರಿಹಾರ. ನಮ್ಮ ಗಳಿಗೆ ಬಟ್ಟಲು ಈ ತೊಡಕನ್ನು ಬಗೆಹರಿಸುವ ಗೋಜಿಗೇ ಹೋಗಲಿಲ್ಲ. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರಾಯಿತು, ತುಂಬಿ ಮುಳುಗಿದಾಗ ಒಂದು ಗಳಿಗೆ, 24 ನಿಮಿಷ. ನಡುವೆ ನೀರು ಹೇಗೆ ಹರಿಯಿತೆಂದು ಯಾರೂ ಕೇಳುವಂತಿಲ್ಲ. ಪಂಪು ಮತ್ತು ಗಡಿಯಾರ ಒಬ್ಬನದೇ ಕೈಯಲ್ಲಿ ಪಳಗಿದ್ದು ಕಾಕತಾಳೀಯವಿರಬಹುದು, ಆದರೆ ನನ್ನ ಮಟ್ಟಿಗೆ ಇಡೀ ಕಥೆಯ ಬೀಗದ ಕೈ ಅಲ್ಲೇ ಇದೆ. ಅದಕ್ಕೆ ಮತ್ತೆ ಬರುತ್ತೇನೆ.

ಎರಡು ಕೊಂತಗಳಿಂದಲೂ ಹರಿವು ಪೂರ್ತಿ ಸಮವಾಗುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಸರದಿ ಬದಲಾಗುವ ಗಳಿಗೆಯಲ್ಲಿ ಒಂದು ತಗ್ಗು ಉಳಿಯುತ್ತದೆ. ಅದನ್ನು ತುಂಬಲು ಬೆಂಕಿ ಆರಿಸುವ ಯಂತ್ರ ಮಾಡುವವರು ಗಾಳಿಯ ಕೋಣೆ ಸೇರಿಸಿದರು. 1721ರಲ್ಲಿ ಲಂಡನ್ನಿನ ರಿಚರ್ಡ್ ನ್ಯೂಷಮ್ ಪೇಟೆಂಟ್ ಪಡೆದ ಅಗ್ನಿಶಾಮಕ ಪಂಪು ಈ ಬಗೆಯ ಪ್ರಸಿದ್ಧ ಯಂತ್ರ. ಕೊಂತ ತಳ್ಳಿದಾಗ ನೀರು ಕೋಣೆಯೊಳಗಿನ ಗಾಳಿಯನ್ನು ಅಮುಕುತ್ತದೆ, ಕೊಂತ ದಣಿವಾರಿಸಿಕೊಳ್ಳುವಾಗ ಅಮುಕಿಸಿಕೊಂಡ ಗಾಳಿ ನೀರನ್ನು ತಳ್ಳುತ್ತದೆ. ಕೊಳವೆಯ ಬಾಯಲ್ಲಿ ಧಾರೆ ತುಂಡಾಗುವುದಿಲ್ಲ. ಹಾರ್ಮೋನಿಯಂ ಬಿಚ್ಚಿ ನೋಡಿದವರಿಗೆ ಇದು ಹೊಸತಲ್ಲ. ಹೊರಗಿನ ತಿದಿಯನ್ನು ಕೈ ಬಿಟ್ಟು ಬಿಟ್ಟು ಒತ್ತುತ್ತದೆ, ಒಳಗೆ ಸ್ಪ್ರಿಂಗಿನ ಒತ್ತಾಸೆಯಲ್ಲಿ ಇನ್ನೊಂದು ತಿದಿಯಿದೆ, ಸ್ವರ ನಿಲ್ಲುವುದು ಅದರಿಂದ. ಅದಿಲ್ಲದಿದ್ದರೆ ಕಂಪನಿ ನಾಟಕದ ಪ್ರತಿ ಪದವೂ ಬಿಕ್ಕಳಿಸುತ್ತಿತ್ತು.

ಈ ಗಾಳಿಕೋಣೆಯನ್ನು ನಮ್ಮ ಮೈಯೊಳಗೇ ಕಂಡವರು ಸ್ಟೀಫನ್ ಹೇಲ್ಸ್, ಇಂಗ್ಲೆಂಡಿನ ಟೆಡಿಂಗ್ಟನ್‌ನ ಪಾದ್ರಿ. ಕುದುರೆಯೊಂದರ ಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ, ಹೆಬ್ಬಾತಿನ ಶ್ವಾಸನಾಳದ ಮೂಲಕ ಅದನ್ನು 9 ಅಡಿ ಗಾಜಿನ ಕೊಳವೆಗೆ ಜೋಡಿಸಿ, ರಕ್ತ 8 ಅಡಿ 3 ಅಂಗುಲ ಏರಿದ್ದನ್ನು ಅಳೆದವರು ಇವರೇ. ಓದುವಾಗ ಮೈ ಜುಮ್ಮೆನ್ನುತ್ತದೆ, ಕುದುರೆಯ ಪಕ್ಷ ವಹಿಸುವ ಮನಸ್ಸಾಗುತ್ತದೆ. 1733ರ 'ಹೆಮಾಸ್ಟಾಟಿಕ್ಸ್' ಪುಸ್ತಕದಲ್ಲಿ ಹೇಲ್ಸ್ ಒಂದು ಒಳ್ಳೆಯ ಪ್ರಶ್ನೆ ಎತ್ತುತ್ತಾರೆ. ಹೃದಯ ತಡೆತಡೆದು ರಕ್ತವನ್ನು ನೂಕುತ್ತದೆ, ಆದರೂ ಸೂಕ್ಷ್ಮ ನಾಳಗಳಲ್ಲಿ ಅದು ಹೆಚ್ಚುಕಡಿಮೆ ಸಮವಾಗಿ ಹರಿಯುವುದು ಹೇಗೆ? ಧಮನಿಗಳು ಹಿಗ್ಗಿ ಕುಗ್ಗುತ್ತವೆ, ಬೆಂಕಿ ಪಂಪಿನ ಗಾಳಿಕೋಣೆಯಂತೆ, ಎನ್ನುವುದು ಅವರ ಉತ್ತರ. ಜರ್ಮನ್ನರು ಆ ಕೋಣೆಯನ್ನು 'ವಿಂಡ್‌ಕೆಸೆಲ್' ಎಂದು ಕರೆದರು. 1899ರಲ್ಲಿ ಒಟ್ಟೊ ಫ್ರಾಂಕ್ ಅದಕ್ಕೆ ಗಣಿತ ಕೊಟ್ಟರು. ವೈದ್ಯಕೀಯ ಓದುವವರು ಇವತ್ತಿಗೂ ಅದೇ ಹೆಸರಿನಿಂದ ಕಲಿಯುತ್ತಾರೆ.

ವೈದ್ಯರಿಗೆ ಆ ಮಿಡಿತ ಬೇಕು, ಕೈ ಹಿಡಿದು ಎಣಿಸುವುದೇ ಅದನ್ನು. ರಸಾಯನಶಾಸ್ತ್ರದವರಿಗೆ ಬೇಡ. ಯಾಕೆ ಬೇಡ, ಮತ್ತು ಯಾವಾಗಿನಿಂದ ಬೇಡ?

ಕ್ರೊಮಟೋಗ್ರಫಿಯ ಆರಂಭದಲ್ಲಿ ಪಂಪಿನ ಅಗತ್ಯವೇ ಬಿದ್ದಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ವಾರ್ಸಾದಲ್ಲಿ ಮಿಖಾಯಿಲ್ ಟ್ಸ್ವೆಟ್ ಎಲೆಯ ಬಣ್ಣಗಳನ್ನು ಸುಣ್ಣದಪುಡಿಯ ಕೊಳವೆಯಲ್ಲಿ ಇಳಿಬಿಟ್ಟಾಗ ಹಸಿರು ಹಳದಿ ಪಟ್ಟಿಗಳು ಕಣ್ಣಿಗೇ ಕಂಡವು. ಹರಿವು ಸ್ವಲ್ಪ ಹೆಚ್ಚುಕಡಿಮೆಯಾದರೆ ಪಟ್ಟಿಯೇನೂ ಬಣ್ಣ ಬದಲಿಸುವುದಿಲ್ಲ.

1940ರ ದಶಕದ ಕೊನೆಗೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಸ್ಟ್ಯಾನ್‌ಫರ್ಡ್ ಮೂರ್ ಮತ್ತು ವಿಲಿಯಂ ಸ್ಟೈನ್ ಪ್ರೋಟೀನನ್ನು ಒಡೆದು ಅದರಲ್ಲಿ ಯಾವ ಅಮೈನೋ ಆಮ್ಲ ಎಷ್ಟಿದೆ ಎಂದು ಅಳೆಯಲು ಹೊರಟರು. ಅಮೈನೋ ಆಮ್ಲಗಳಿಗೆ ಬಣ್ಣವಿಲ್ಲ. ಹೀಗಾಗಿ ಕೊಳವೆಯಿಂದ ಹೊರಬೀಳುವ ದ್ರವವನ್ನು ನೂರಾರು ಪುಟ್ಟ ನಳಿಕೆಗಳಲ್ಲಿ ಹಿಡಿದು, ಒಂದೊಂದಕ್ಕೂ ನಿನ್‌ಹೈಡ್ರಿನ್ ಹಾಕಿ ಕಾಯಿಸಿ, ನೇರಳೆ ಬಣ್ಣವನ್ನು ಅಳೆಯಬೇಕು. ನಳಿಕೆಯಿಂದ ನಳಿಕೆಗೆ ಸರಿಯುವ ಯಂತ್ರವನ್ನು ಅವರೇ ಕಟ್ಟಿದರು. ಅದರ ಜಾಣತನ ನನಗೆ ಬಹಳ ಇಷ್ಟ. ಅದು ಸಮಯ ನೋಡಿ ಸರಿಯುತ್ತಿರಲಿಲ್ಲ, ದ್ಯುತಿಕೋಶದ ಮುಂದೆ ಬೀಳುವ ಹನಿಗಳನ್ನು ಎಣಿಸಿ ಸರಿಯುತ್ತಿತ್ತು. ರಾತ್ರಿ ಹರಿವು ನಿಧಾನವಾಗಲಿ, ಬೆಳಗ್ಗೆ ಜೋರಾಗಲಿ, ಪ್ರತಿ ನಳಿಕೆಗೂ ಅಷ್ಟೇ ಹನಿ. ಗಳಿಗೆ ಬಟ್ಟಲಿನ ನೆಮ್ಮದಿ.

ಆ ನೆಮ್ಮದಿಯನ್ನು ಅವರೇ ಕೈಬಿಟ್ಟರು. 1958ರಲ್ಲಿ ಡ್ಯಾರೆಲ್ ಸ್ಪ್ಯಾಕ್‌ಮನ್ ಜೊತೆ ಸೇರಿ ಮೂರ್ ಮತ್ತು ಸ್ಟೈನ್ ಪ್ರಕಟಿಸಿದ ಸ್ವಯಂಚಾಲಿತ ಯಂತ್ರದಲ್ಲಿ ನಳಿಕೆಗಳೇ ಇರಲಿಲ್ಲ. ಒಂದು ಪಂಪು ಗಂಟೆಗೆ 30 ಮಿಲಿಲೀಟರ್ ದ್ರಾವಕ ಕಳಿಸುತ್ತದೆ, ಇನ್ನೊಂದು ಅದಕ್ಕೆ 15 ಮಿಲಿಲೀಟರ್ ನಿನ್‌ಹೈಡ್ರಿನ್ ಬೆರೆಸುತ್ತದೆ, ಕುದಿನೀರಿನ ತೊಟ್ಟಿಯಲ್ಲಿ ಬಣ್ಣ ಹುಟ್ಟುತ್ತದೆ, ಬಣ್ಣಮಾಪಕ ಅದನ್ನು ಓದುತ್ತದೆ, ಸರಿಯುವ ಕಾಗದದ ಮೇಲೆ ಗೆರೆ ಮೂಡುತ್ತದೆ. ಕಾಗದವನ್ನು ಸರಿಸುವುದು ಗಡಿಯಾರ. ಶಿಖರದ ಕೆಳಗಿನ ಜಾಗವೇ ಅಮೈನೋ ಆಮ್ಲದ ಪ್ರಮಾಣ. ಇನ್ನು ಪಂಪು ಒಂದು ಕ್ಷಣ ತಡವರಿಸಿದರೂ ಶಿಖರ ದಪ್ಪಗಾಗುತ್ತದೆ, ಇಲ್ಲದ ಆಮ್ಲ ಇದ್ದಂತಾಗುತ್ತದೆ. ಎರಡನೇ ಪಂಪು ಮಿಡಿದರೆ ಬಣ್ಣವೇ ಏರಿಳಿಯುತ್ತದೆ. ಹನಿ ಎಣಿಸುವವರು ಹೋಗಿ ಕಾಗದವನ್ನು ಗಡಿಯಾರ ಎಳೆಯತೊಡಗಿದ ದಿನ ಪ್ರಯೋಗಾಲಯದ ಪಂಪೂ ಗಡಿಯಾರವಾಗಬೇಕಾಯಿತು. ಇಂದಿನ ನಮ್ಮ ಎಲ್ಲ ಗ್ರಾಫುಗಳ ಅಡಿಗೆರೆಯಲ್ಲಿ 'ನಿಮಿಷ' ಎಂದು ಬರೆದಿರುತ್ತದೆ. ನಾವು ನಿಜವಾಗಿ ಹೇಳಬೇಕಾದ್ದು 'ಇಷ್ಟು ಮಿಲಿಲೀಟರ್' ಎಂದು. ಎರಡೂ ಒಂದೇ ಎನ್ನುವ ಭರವಸೆ ಪಂಪಿನದು, ಅದಕ್ಕೆ ಬೇರೆ ಸಾಕ್ಷಿಯಿಲ್ಲ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1957ರಲ್ಲಿ, ಕ್ಲೀವ್‌ಲ್ಯಾಂಡಿನ ಲೆನರ್ಡ್ ಸ್ಕೆಗ್ಸ್ ಇನ್ನೊಂದು ದಾರಿ ಹಿಡಿದಿದ್ದರು. ಆಸ್ಪತ್ರೆಯಲ್ಲಿ ರಕ್ತದ ಯೂರಿಯ, ಸಕ್ಕರೆ ಅಳೆಯುವ ಯಂತ್ರ ಅವರದು, ಟೆಕ್ನಿಕಾನ್ ಕಂಪನಿ ಅದನ್ನು 'ಆಟೊಅನಲೈಜರ್' ಎಂದು ಮಾರಿತು. ಮೆತ್ತನೆಯ ಕೊಳವೆಗಳನ್ನು ಉರುಳೆಗಳು ಹಿಂಡುತ್ತ ಸಾಗುವ ಪಂಪು, ನಾವು ಐಸ್‌ಕ್ಯಾಂಡಿ ಪೊಟ್ಟಣವನ್ನು ಕೆಳಗಿನಿಂದ ಒತ್ತುತ್ತ ಬರುವ ಹಾಗೆ. ಉರುಳೆ ಕೊಳವೆಯನ್ನು ಬಿಟ್ಟಾಗೊಮ್ಮೆ ಹರಿವು ಕುಲುಕುತ್ತದೆ. ಸ್ಕೆಗ್ಸ್ ಅದಕ್ಕಿಂತ ದೊಡ್ಡ ಸಮಸ್ಯೆಯ ಕಡೆ ನೋಡಿದರು: ಒಬ್ಬ ರೋಗಿಯ ರಕ್ತ ಇನ್ನೊಬ್ಬನದರ ಜೊತೆ ಕೊಳವೆಯಲ್ಲಿ ಬೆರೆಯಬಾರದು. ಬೇಕೆಂದೇ ಗಾಳಿಗುಳ್ಳೆಗಳನ್ನು ಬಿಟ್ಟು ಹರಿವನ್ನು ತುಂಡು ತುಂಡು ಮಾಡಿದರು. ಪ್ರತಿ ಗುಳ್ಳೆಯೂ ಕೊಳವೆಯ ಗೋಡೆಯನ್ನು ಒರೆಸುತ್ತ ಸಾಗುತ್ತದೆ, ಅಳೆಯುವ ಮುಂಚೆ ಗುಳ್ಳೆಗಳನ್ನು ಹೊರಬಿಡುತ್ತಾರೆ. ಉಳಿದವರೆಲ್ಲ ಗುಳ್ಳೆ ಕಂಡರೆ ಬೆಚ್ಚಿಬೀಳುವಾಗ (ನಾನಂತೂ ಈಗಲೂ ಬೀಳುತ್ತೇನೆ) ಅದನ್ನೇ ಕೆಲಸಕ್ಕೆ ಹಚ್ಚಿದ ಧೈರ್ಯ ದೊಡ್ಡದು.

ಆದರೆ ನನ್ನ ಯಂತ್ರಕ್ಕೆ ಗುಳ್ಳೆ ಆಗಿಬರುವುದಿಲ್ಲ. 1941ರಲ್ಲೇ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ತುಂಬ ಸಣ್ಣ ಕಣಗಳನ್ನು ತುಂಬಿ ಹೆಚ್ಚು ಒತ್ತಡ ಕೊಟ್ಟರೆ ಬೇರ್ಪಡಿಕೆ ಅತ್ಯುತ್ತಮವಾಗುತ್ತದೆ ಎಂದಿದ್ದರು. 1960ರ ದಶಕದಲ್ಲಿ ಯೇಲ್‌ನಲ್ಲಿ ಚಾಬಾ ಹೊರ್ವಾತ್ ಮತ್ತಿತರರು ಅದನ್ನು ಮಾಡಿ ತೋರಿಸಿದರು. ನೂರಾರು ವಾತಾವರಣದ ಒತ್ತಡ ಬಂತು, ಅದರ ಜೊತೆ ಹೊಸ ಪೀಡೆಯೂ ಬಂತು. ದ್ರವಗಳು ಕುಗ್ಗುವುದಿಲ್ಲ ಎಂದು ಶಾಲೆಯಲ್ಲಿ ಕಲಿತದ್ದು ಅರ್ಧ ಸತ್ಯ. 400 ಬಾರ್ ಒತ್ತಡದಲ್ಲಿ ನೀರು ಶೇ. 2ರ ಹತ್ತಿರ ಕುಗ್ಗುತ್ತದೆ, ಮೆಥನಾಲ್ ಅದರ ಸುಮಾರು ಎರಡು ಪಟ್ಟು. ಪಿಸ್ಟನ್ ಹೊರಟ ಕೂಡಲೇ ದ್ರವ ಹೊರಬರುವುದಿಲ್ಲ, ಮೊದಲು ಅದನ್ನು ಅಮುಕಬೇಕು. ಅಷ್ಟು ಹೊತ್ತು ತಗ್ಗು.

ಪರಿಹಾರಗಳಲ್ಲೊಂದು ಹೇಲ್ಸ್ ಪಾದ್ರಿಯ ಧಮನಿಯೇ. 1849ರಲ್ಲಿ ಯೂಜೀನ್ ಬೂರ್ಡನ್ ಒತ್ತಡಮಾಪಕಕ್ಕೆಂದು ಪೇಟೆಂಟ್ ಮಾಡಿದ ಚಪ್ಪಟೆ ಬಾಗುಕೊಳವೆ ಒತ್ತಡ ಏರಿದಾಗ ಉಬ್ಬುತ್ತದೆ. ಅಂಥ ಚಪ್ಪಟೆ ಕೊಳವೆಯನ್ನೇ ಉದ್ದಕ್ಕೆ ಸುತ್ತಿ ಪಂಪಿನ ಮುಂದೆ ಇಟ್ಟರೆ ಅದು ಉಬ್ಬಿ ದ್ರವವನ್ನು ಹಿಡಿದುಕೊಂಡು, ತಗ್ಗು ಬಂದಾಗ ವಾಪಸು ಕೊಡುತ್ತದೆ. ಆದರೆ ಸಾಲ ಕೊಡುವವರೆಲ್ಲರಂತೆ ಇದೂ ಬಡ್ಡಿ ಕೇಳುತ್ತದೆ. ಕೊಳವೆಯಲ್ಲಿ ನಿಂತಿರುವ ದ್ರವ ಖಾಲಿಯಾಗುವವರೆಗೆ ಹೊಸ ದ್ರಾವಕದ ಸುದ್ದಿ ಮುಂದೆ ಹೋಗುವುದಿಲ್ಲ. ಓಟದ ನಡುವೆ ದ್ರಾವಕದ ಪಾಕ ಬದಲಿಸುವವರಿಗೆ ಈ ವಿಳಂಬ ದೊಡ್ಡ ಕಿರಿಕಿರಿ. ಹಾಗಾಗಿ ತಯಾರಕರು ಮಿಡಿತವನ್ನು ಹುಟ್ಟಿದಲ್ಲೇ ಹಿಡಿಯಲು ನೋಡಿದರು: ಸರದಿ ಬದಲಾಗುವಾಗ ಎರಡು ಪಿಸ್ಟನ್‌ಗಳ ವೇಗ ಕೂಡಿ ಒಂದೇ ಮೊತ್ತ ಬರುವಂತೆ ಕೊರೆದ ಕ್ಯಾಮ್‌ಗಳು, ವೃತ್ತಾಕಾರವಲ್ಲದ ಹಲ್ಲುಚಕ್ರಗಳು, ಆಮೇಲೆ ಒತ್ತಡವನ್ನು ಓದಿ ಮೋಟಾರಿನ ವೇಗ ತಿದ್ದುವ ಎಲೆಕ್ಟ್ರಾನಿಕ್ಸ್. ನನ್ನ ಪಂಪಿನಲ್ಲಿ ಎಷ್ಟು ಕುಗ್ಗುವ ದ್ರವ ಎಂಬುದನ್ನು ನಾವೇ ಸಂಖ್ಯೆಯಾಗಿ ತುಂಬಬೇಕು. ಹಿಂದಿನವರು ನೀರಿಗೆಂದು ಇಟ್ಟುಹೋದ ಸಂಖ್ಯೆಯೇ ಅಲ್ಲಿತ್ತು.

ಅದನ್ನು ಸರಿಪಡಿಸಿದೆ. ಅಲೆ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಆಗ ಲೆಕ್ಕ ಹಾಕಿದೆ. ನಮ್ಮ ಪಂಪಿನ ಒಂದು ಪಿಸ್ಟನ್ ಒಮ್ಮೆಗೆ 100 ಮೈಕ್ರೊಲೀಟರ್ ತಳ್ಳುತ್ತದೆ, ಎರಡೂ ಸೇರಿ ಒಂದು ಸುತ್ತಿಗೆ 200. ನಾನು ಓಡಿಸುತ್ತಿದ್ದದ್ದು ನಿಮಿಷಕ್ಕೆ 1 ಮಿಲಿಲೀಟರ್, ಅಂದರೆ ನಿಮಿಷಕ್ಕೆ 5 ಸುತ್ತು, 12 ಸೆಕೆಂಡಿಗೊಂದು. ಹರಿವನ್ನು ಅರ್ಧಕ್ಕೆ ಇಳಿಸಿ ಮತ್ತೆ ನೋಡಿದೆ. ಗುಬ್ಬುಗಳು 24 ಸೆಕೆಂಡಿಗೊಂದಾದವು. ನನ್ನ ನಾಲ್ಕನೆಯ ಸಂಯುಕ್ತ ಪಂಪಿನ ಒಂದು ಬದಿಯ ಕವಾಟದಲ್ಲಿ ವಾಸವಾಗಿತ್ತು. ಎರಡೂ ಬದಿಯದಾಗಿದ್ದರೆ ಅಂತರ 6 ಸೆಕೆಂಡ್ ಇರಬೇಕಿತ್ತು.

ಕವಾಟ ಬಿಚ್ಚಿದೆ. ನೀಲಮಣಿಯ ಪೀಠದ ಮೇಲೆ ಸಾಸಿವೆಗಿಂತ ತುಸು ದೊಡ್ಡ ಮಾಣಿಕ್ಯದ ಗೋಲಿ ಕೂತಿರುತ್ತದೆ, ಎರಡೂ ಕೃತಕವೇ, ಮಾರಲು ಹೋದರೆ ಏನೂ ಹುಟ್ಟುವುದಿಲ್ಲ. ಬಫರಿನ ಉಪ್ಪು ಕಟ್ಟಿಕೊಂಡು ಗೋಲಿ ಸರಿಯಾಗಿ ಕೂರುತ್ತಿರಲಿಲ್ಲ. ಓಟ ಮುಗಿದ ಮೇಲೆ ನೀರಿನಲ್ಲಿ ತೊಳೆಯದೆ ಬಿಟ್ಟದ್ದು ಬೇರೆ ಯಾರೂ ಅಲ್ಲ, ನಾನೇ. ಬೆಚ್ಚಗಿನ ನೀರಿನಲ್ಲೊಮ್ಮೆ, ಐಸೊಪ್ರೊಪನಾಲ್‌ನಲ್ಲೊಮ್ಮೆ ಸೋನಿಕೇಟರಿಗೆ ಹಾಕಿ, ಮರುಜೋಡಿಸಿ, ಗೆರೆ ಸಪಾಟಾಗುವುದನ್ನು ಕಾಯುತ್ತ ಕೂತೆ.

ಆಮೇಲೆ ಹಳೆಯ ಫೈಲುಗಳನ್ನೆಲ್ಲ ತೆಗೆದೆ. ಎರಡು ವಾರದಲ್ಲ, ಹಿಂದಿನ ಎಂಟು ತಿಂಗಳಿನವು. ಒಂದೊಂದನ್ನೂ ಹಿಗ್ಗಿಸಿ 12 ಸೆಕೆಂಡಿನ ಗುರುತು ಹುಡುಕಿದೆ. ಏಪ್ರಿಲ್‌ವರೆಗೆ ಗೆರೆ ಚೊಕ್ಕಟವಾಗಿತ್ತು. ಮೇ ತಿಂಗಳ ಹನ್ನೊಂದು ಓಟಗಳಲ್ಲಿ ಅಲೆ ಸಣ್ಣಗೆ, ಹುಡುಕಿದರೆ ಮಾತ್ರ ಕಾಣುವಷ್ಟು, ಇತ್ತು. ಆ ಹನ್ನೊಂದರ ಅಂಕಿಗಳು ನಾನು ಆಗಲೇ ಗೈಡಿಗೆ ಕೊಟ್ಟಿದ್ದ ಕೋಷ್ಟಕದಲ್ಲಿದ್ದವು. ಅವುಗಳ ಮುಂದೆ ಪೆನ್ಸಿಲಿನಲ್ಲಿ ಗೀಟೆಳೆದು, ಅರಿಶಿನದ ಡಬ್ಬಿಗಳನ್ನು ಫ್ರಿಜ್ಜಿನಿಂದ ಮತ್ತೆ ಹೊರಗೆ ತೆಗೆದಿಟ್ಟೆ.