ದಫ್ತರಗಳಲ್ಲಿ ಉಳಿದ ಹಿರಿಯರು

ಕರ್ನಾಟಕದ ಬಸದಿಗಳ ಶಿಲಾಶಾಸನಗಳು ಎಂಟುನೂರು, ಸಾವಿರ ವರ್ಷಗಳ ಹಿಂದಿನ ದಾನಿಗಳ ಹೆಸರನ್ನು ಇಂದಿಗೂ ಹೇಳುತ್ತಿವೆ. ಶಾಸ್ತ್ರದಾನವಾಗಿ ಬರೆಯಿಸಿದ ತಾಡವಾಲೆಗಳ ಕೊನೆಯಲ್ಲಿ ದಾನಿಯ ಹೆಸರು, ಗುರುಪರಂಪರೆ, ಕೆಲವೊಮ್ಮೆ ತಿಥಿ ವಾರಗಳೂ ದೊರೆಯುತ್ತವೆ. ಆದರೆ ಅದೇ ಬಸದಿಗೆ ನಿತ್ಯ ದರ್ಶನಕ್ಕೆ ಬರುವ ಶ್ರಾವಕನಿಗೆ ತನ್ನ ಮುತ್ತಜ್ಜನ ತಂದೆಯ ಹೆಸರು ತಿಳಿದಿರುವುದು ಅಪರೂಪ. ದೂರದ ಕಾಲವು ಕಲ್ಲಿನಲ್ಲಿ ಉಳಿಯಿತು. ಹತ್ತಿರದ ಕಾಲವು ಮರೆವಿಗೆ ಸಂದಿತು.

ಈ ಹತ್ತಿರದ ಕಾಲ ಬ್ರಿಟಿಷರ ಆಳ್ವಿಕೆಯದು. ಆ ಸರ್ಕಾರಕ್ಕೆ ಯಾರ ವಂಶಚರಿತ್ರೆಯೂ ಬೇಕಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದುದು ಕಂದಾಯ, ಉತ್ತರಾಧಿಕಾರದ ತಕರಾರುಗಳ ಇತ್ಯರ್ಥ ಮತ್ತು ಯುದ್ಧಕ್ಕೆ ಜನ, ಧನ. ಈ ಮೂರು ಅಗತ್ಯಗಳಿಂದ ಭೂದಾಖಲೆ, ವಾರಸು ಹಾಗೂ ಮೃತ್ಯುಪತ್ರಗಳ ಕಡತ, ಯುದ್ಧಕಾಲದ ಪಟ್ಟಿ ಎಂಬ ಮೂರು ಬಗೆಯ ದಫ್ತರಗಳು ಬೆಳೆದವು. ಹಿರಿಯರ ಸುಳಿವು ಇಂದು ದೊರೆಯುವುದು ಇವುಗಳಲ್ಲಿಯೇ. ಆದರೆ ಈ ಕಾಗದಗಳು ಮನೆತನದ ಕೀರ್ತಿಯನ್ನು ಹೇಳಲು ಬರೆದವುಗಳಲ್ಲವಾದ್ದರಿಂದ ಕೀರ್ತಿಗೆ ಹೊಂದದ ಸಂಗತಿಗಳನ್ನೂ ಹೇಳುತ್ತವೆ. ಆದುದರಿಂದ ಪೂರ್ವಜರ ಶೋಧವು ಇತಿಹಾಸದ ಕುತೂಹಲದಷ್ಟಕ್ಕೆ ನಿಲ್ಲದೆ ಸತ್ಯಾಣುವ್ರತದ ಪರೀಕ್ಷೆಯೂ ಆಗುತ್ತದೆ. ಜೈನ ಒಕ್ಕಲುತನದ ಮನೆತನಗಳು ಹೆಚ್ಚಾಗಿರುವ ಬೆಳಗಾವಿ ಸೀಮೆಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ಮಾತು ಸ್ಪಷ್ಟವಾಗುವುದು.

ಭೂಮಿಯ ದಾಖಲೆ

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡು ಈ ಸೀಮೆಯ ಬಹುಭಾಗ ಕಂಪನಿ ಸರ್ಕಾರದ ವಶವಾಯಿತು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ಎಲ್ಲ ಊರುಗಳೂ ಜಿಲ್ಲಾಧಿಕಾರಿಯ ಅಧಿಕಾರಕ್ಕೆ ಒಳಪಟ್ಟಿರಲಿಲ್ಲ. ಕೊಲ್ಹಾಪುರ, ಸಾಂಗಲಿ, ಜಮಖಂಡಿ, ರಾಮದುರ್ಗ ಮೊದಲಾದ ಸಂಸ್ಥಾನಗಳ ಊರುಗಳು ನಡುನಡುವೆ ಸೇರಿಕೊಂಡಿದ್ದವು. ಬೆಳಗಾವಿಗೆ ಅಂಟಿಕೊಂಡೇ ಇರುವ ಶಹಾಪುರವು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನವಾಗುವವರೆಗೂ ಇದೇ ಸ್ಥಿತಿ. ಆದುದರಿಂದ ಒಂದೇ ಮನೆತನದ ಎರಡು ಹೊಲಗಳ ಕಾಗದಗಳು ಎರಡು ಸರ್ಕಾರಗಳ ದಫ್ತರಗಳಲ್ಲಿ ಇರಬಹುದು. ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ, ಆ ಊರು ಆ ಕಾಲದಲ್ಲಿ ಯಾರ ಆಡಳಿತದಲ್ಲಿತ್ತು ಎಂಬುದು.

ಎರಡನೆಯ ತೊಡಕು ಲಿಪಿಯದು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಈ ಜಿಲ್ಲೆಗಳಲ್ಲಿ ಕಚೇರಿಯ ವ್ಯವಹಾರ ಬಹುಮಟ್ಟಿಗೆ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡವಾಡಿ ಬಸದಿಯಲ್ಲಿ ಕನ್ನಡ ಪುರಾಣ ಕೇಳಿದ ಹಿರಿಯನ ಹೆಸರು ದಫ್ತರದಲ್ಲಿ ಮೋಡಿಯ ಓಟದ ಬರಹದೊಳಗೆ ಅಡಗಿರುತ್ತದೆ. ಮೋಡಿ ಬಲ್ಲವರು ಇಂದು ವಿರಳ.

ಮೂರನೆಯದು ಹೆಸರುಗಳದೇ ತೊಡಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಪಾಯಪ್ಪನ ಮಗ ಜಿನ್ನಪ್ಪ, ಜಿನ್ನಪ್ಪನ ಮಗ ಮತ್ತೆ ಪಾಯಪ್ಪ ಎಂದು ಸರಣಿ ಸಾಗುತ್ತದೆ. ‘ಪಾಟೀಲ’, ‘ಉಪಾಧ್ಯೆ’ ಎಂಬುವು ಅಡ್ಡಹೆಸರುಗಳಾಗುವ ಮೊದಲು ಊರಿನ ಹುದ್ದೆಗಳೇ ಆಗಿದ್ದವು. ಇಲ್ಲಿ ನೆರವಿಗೆ ಬರುವುದು ದಾಖಲೆಯ ಎರಡು ಪುಟ್ಟ ಪದಗಳು: ತಂದೆಯನ್ನು ಸೂಚಿಸುವ ‘ಬಿನ್’, ಗಂಡನನ್ನು ಸೂಚಿಸುವ ‘ಕೋಂ’. ಇವುಗಳ ಜೊತೆಗೆ ಸರ್ವೆ ನಂಬರನ್ನು ಹಿಡಿದು ನಡೆದರೆ ದಾರಿ ತಪ್ಪುವುದಿಲ್ಲ. ಮನುಷ್ಯರ ಹೆಸರು ಮರುಕಳಿಸುತ್ತದೆ. ಹೊಲ ತನ್ನ ಜಾಗದಲ್ಲಿಯೇ ಇರುತ್ತದೆ.

ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಮುಂಬಯಿ ಪದ್ಧತಿಯ ಸರ್ವೆ 1840ರ ದಶಕದಿಂದ ಈ ಸೀಮೆಗೆ ವಿಸ್ತರಿಸಿತು. ಪ್ರತಿ ಹೊಲಕ್ಕೂ ನಂಬರು, ಎಕರೆ ಗುಂಟೆಗಳ ಅಳತೆ, ಆಕಾರ, ಖಾತೆದಾರನ ಹೆಸರು ನಿಶ್ಚಿತವಾದವು. ಸಾಮಾನ್ಯವಾಗಿ ಮೂವತ್ತು ವರ್ಷಗಳಿಗೊಮ್ಮೆ ಆಕಾರದ ಮರುನಿರ್ಣಯವಾಗುತ್ತಿದ್ದುದರಿಂದ ಒಂದೊಂದು ತಲೆಮಾರಿಗೆ ಒಂದೊಂದು ಚಿತ್ರ ದೊರೆಯುತ್ತದೆ. 1860ರ ದಶಕದ ನೋಂದಣಿ ಕಾಯಿದೆಗಳ ನಂತರ ಖರೀದಿ ಪತ್ರ, ಗಹಾಣ ಪತ್ರಗಳ ನಕಲುಗಳು ಉಪನೋಂದಣಿ ಕಚೇರಿಗಳಲ್ಲಿ ಸಂಗ್ರಹವಾದವು. 1903ರ ಮುಂಬಯಿ ಕಾಯಿದೆಯಿಂದ ಹಕ್ಕುದಾಖಲೆ ಆರಂಭವಾಗಿ, ಹಕ್ಕು ಬದಲಾದಾಗಲೆಲ್ಲ ಕಾರಣಸಹಿತ ‘ಫೇರ್‌ಫಾರ’ ನಮೂದಾಗತೊಡಗಿತು.

ಆದರೆ ಖಾತೆದಾರನೇ ಒಡೆಯನೆಂದು ತಿಳಿಯುವುದು ಸಲ್ಲದು. ಅವಿಭಕ್ತ ಕುಟುಂಬದ ಹಿರಿಯನ ಹೆಸರೊಂದೇ ಖಾತೆಯಲ್ಲಿರುತ್ತಿತ್ತು. ತಮ್ಮಂದಿರು, ವಿಧವೆಯರು, ಹೊಲವನ್ನು ನಿಜವಾಗಿ ಉತ್ತವರು ಅದರಲ್ಲಿ ಕಾಣುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. 1876–78ರ ಭೀಕರ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ತತ್ತರಿಸಿದವು. ಆ ವರ್ಷಗಳಲ್ಲಿ ಒಂದು ಮನೆತನದ ಖಾತೆಗೆ ನೆರೆಯವರ ಹೊಲಗಳು ಒಂದಾದ ಮೇಲೊಂದು ಸೇರಿದ್ದರೆ, ಅದನ್ನು ಹಿರಿಯನ ದಕ್ಷತೆಯೆಂದಷ್ಟೇ ಓದಬಹುದೇ? ಅದೇ ಪುಟದ ಎದುರು ಭಾಗದಲ್ಲಿ ಹೊಲ ಕಳೆದುಕೊಂಡವನ ಹೆಸರಿದೆ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಕ್ಷೇತ್ರವನ್ನೇ, ಅಂದರೆ ಹೊಲವನ್ನೇ, ಮೊದಲಿಗೆ ಇಟ್ಟಿರುವುದು ಇಲ್ಲಿ ನೆನಪಾಗಬೇಕು.

ಇನಾಮು ಮತ್ತು ನ್ಯಾಸ

ಬಸದಿಗಳಿಗೆ ಬಿಟ್ಟ ಭೂಮಿಯ ವಿಚಾರ ಇದಕ್ಕಿಂತ ಗಂಭೀರವಾದುದು. ದಕ್ಷಿಣ ಮರಾಠಾ ಸೀಮೆಯಲ್ಲಿ 1840ರ ದಶಕದಲ್ಲಿ ಆರಂಭವಾದ ಇನಾಮು ವಿಚಾರಣೆಗೆ 1852ರ ಕಾಯಿದೆಯಿಂದ ಪೂರ್ಣ ಅಧಿಕಾರ ದೊರೆಯಿತು. ಪ್ರತಿ ಇನಾಮುದಾರನೂ ಸನದು ತೋರಿಸಿ, ಭೂಮಿ ಯಾವಾಗ, ಯಾರಿಂದ, ಯಾವ ಉದ್ದೇಶಕ್ಕೆ ಬಂದಿತೆಂದು ಹೇಳಬೇಕಾಯಿತು. ಅನೇಕರಿಗೆ ಇದು ಸಂಕಟ ತಂದಿತು. ಆದರೆ ಆ ವಿಚಾರಣೆಯ ಫಲವಾಗಿ, ಪೇಶ್ವೆ ದಫ್ತರದೊಡನೆ ಇಂದು ಪುಣೆಯ ದಾಖಲೆ ಭಂಡಾರದಲ್ಲಿರುವ ಕಡತಗಳಲ್ಲಿ ದೇವಸ್ಥಾನ ಇನಾಮುಗಳ ವಿವರ ಉಳಿಯಿತು. ಪೂಜೆ, ನಂದಾದೀಪ, ಅಭಿಷೇಕಗಳಿಗಾಗಿ ಬಿಟ್ಟ ಭೂಮಿ ಅರ್ಚಕನ ಅಥವಾ ಊರ ಪ್ರಮುಖನ ಹೆಸರಿನಲ್ಲಿ ನಡೆಯುತ್ತಿದ್ದುದುಂಟು. ಹೆಸರು ನಿರ್ವಾಹಕನದು, ಸ್ವತ್ತು ಧರ್ಮದ್ದು. ಎರಡು ಮೂರು ತಲೆಮಾರು ಕಳೆದ ಮೇಲೆ ಈ ಭೇದ ಮಸುಕಾಗಿ, ನಿರ್ವಹಣೆಗೆ ಬಂದದ್ದು ಮನೆಯ ಆಸ್ತಿಯೆಂಬ ಭಾವನೆ ನೆಲೆಗೊಳ್ಳುವುದು ಅಸಂಭವವಲ್ಲ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ‘ನ್ಯಾಸಾಪಹಾರ’ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದರ ಅರ್ಥವನ್ನು ಬಿಡಿಸಿದ್ದಾರೆ. ಒಬ್ಬನು ಇನ್ನೊಬ್ಬನಲ್ಲಿ ಹಣವನ್ನು ಒತ್ತೆಯಿಟ್ಟು, ಎಷ್ಟಿಟ್ಟೆನೆಂಬುದನ್ನು ಮರೆತು, ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಸರಿಯಾದ ಮೊತ್ತವನ್ನು ತಿಳಿದಿದ್ದರೂ ‘ಹಾಗೆಯೇ ಆಗಲಿ’ ಎಂದು ಒಪ್ಪಿಬಿಡುತ್ತಾನೆ. ಅವನು ಕದ್ದಿಲ್ಲ, ಬಾಯಿಬಿಟ್ಟು ಸುಳ್ಳನ್ನೂ ಹೇಳಿಲ್ಲ. ಮತ್ತೊಬ್ಬನ ಮರೆವಿನ ಲಾಭ ಪಡೆದಿದ್ದಾನೆ, ಅಷ್ಟೇ. ಆದರೂ ಅದು ದೋಷವೇ. ಬಸದಿಗೆ ನೆನಪೆಂಬುದಿಲ್ಲ, ಅದರ ನೆನಪು ಶ್ರಾವಕರದು. ಹಳೆಯ ಕಡತದಲ್ಲಿ ಇಷ್ಟು ಎಕರೆ ಧರ್ಮಾರ್ಥವೆಂದು ಕಂಡವನು ಮೌನವಾಗಿದ್ದರೆ ಆ ಮೌನವೂ ‘ಹಾಗೆಯೇ ಆಗಲಿ’ ಎಂಬ ಮಾತಿಗೆ ಸಮಾನವಾಗುತ್ತದೆ.

ಸ್ವಾತಂತ್ರ್ಯಾನಂತರದ ಇನಾಮು ರದ್ದಿಯಾತಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಗಳಿಂದ ಇಂಥ ಭೂಮಿಗಳ ಕಾನೂನು ಸ್ಥಿತಿ ಬದಲಾಯಿತು. ಉತ್ತವನಿಗೆ ಹಕ್ಕು ಕೊಟ್ಟ ಆ ವ್ಯವಸ್ಥೆಯನ್ನು ಹಿಂದಕ್ಕೆ ತಿರುಗಿಸುವುದು ಇಲ್ಲಿನ ವಿಚಾರವಲ್ಲ. ಭೂಮಿ ಮರಳಿ ಬಾರದಿದ್ದರೂ ಋಣವನ್ನು ಒಪ್ಪಿಕೊಳ್ಳುವುದು ಸಾಧ್ಯ. ಅದಕ್ಕೆ ತಕ್ಕ ದಾನವೂ ಸಾಧ್ಯ.

ವಾರಸು ಮತ್ತು ಮೃತ್ಯುಪತ್ರ

ಹಿರಿಯನು ಕಾಲವಾದ ಮೇಲೆ ಅವನ ಹೆಸರು ಎರಡನೆಯ ಬಗೆಯ ದಫ್ತರವನ್ನು ಸೇರುತ್ತದೆ. ಮುಂಬಯಿ ಪ್ರಾಂತದಲ್ಲಿ 1827ರ ಎಂಟನೆಯ ರೆಗ್ಯುಲೇಶನ್ ವಾರಸುದಾರರಿಗೆ ನ್ಯಾಯಾಲಯದ ಮಾನ್ಯತೆ ಪಡೆಯುವ ಮಾರ್ಗವನ್ನು ಒದಗಿಸಿತ್ತು. ಮೃತನ ಸಾಲ ವಸೂಲಿಗೆ ಬೇಕಾದ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ 1889ರಲ್ಲಿ ಪ್ರತ್ಯೇಕ ಕಾಯಿದೆ ಬಂದಿತು. ಮೃತ್ಯುಪತ್ರಗಳ ವಿಷಯದಲ್ಲಿ 1870ರ ಕಾಯಿದೆಯು ಹಿಂದೂಗಳೊಡನೆ ಜೈನರನ್ನೂ ಹೆಸರಿಸಿ, ಬಂಗಾಳದ ಕೆಳಭಾಗ ಮತ್ತು ಮದರಾಸು, ಮುಂಬಯಿ ನಗರಗಳಿಗೆ ಅನ್ವಯಿಸಿತು. ಆದುದರಿಂದ ಊರಲ್ಲೇ ಉಳಿದ ರೈತನ ಮೃತ್ಯುಪತ್ರಕ್ಕೆ ಪ್ರೊಬೇಟ್ ಕಡತ ಇರುವುದು ಕಡಿಮೆ. ವ್ಯಾಪಾರಕ್ಕೆಂದು ಮುಂಬಯಿ ಸೇರಿದ ಅವನ ತಮ್ಮನದು ಅಲ್ಲಿನ ಉಚ್ಚ ನ್ಯಾಯಾಲಯದ ದಾಖಲೆಗಳಲ್ಲಿ ಇರುವ ಸಂಭವ ಹೆಚ್ಚು. ಪ್ರೊಬೇಟ್ ಪಡೆದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದೊಳಗೆ ಜಮಾಖರ್ಚನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕಿತ್ತು. ಆದುದರಿಂದ ಧರ್ಮಕಾರ್ಯಕ್ಕೆ ಎಷ್ಟು ಬರೆದಿಟ್ಟರು ಎಂಬುದರ ಜೊತೆಗೆ ಎಷ್ಟು ಸಂದಾಯವಾಯಿತು ಎಂಬುದನ್ನೂ ಕೆಲವೊಮ್ಮೆ ತಿಳಿಯಬಹುದು.

ಖಾತೆಯ ಪುಸ್ತಕ ಮರೆಮಾಡಿದ ಸ್ತ್ರೀಯರು ಈ ಕಡತಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ವಿಧವೆಯು ಗಂಡನ ಅನುಮತಿಯಿಲ್ಲದೆಯೂ ದತ್ತಕ ತೆಗೆದುಕೊಳ್ಳಬಹುದೆಂಬ ಜೈನ ರೂಢಿಯನ್ನು 1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು. ಉತ್ತರ ಭಾರತದ ಅಗರವಾಲ ಜೈನರ ಆ ಮೊಕದ್ದಮೆ ಮುಂದೆ ಇತರ ಜೈನರ ವ್ಯಾಜ್ಯಗಳಲ್ಲಿಯೂ ಉಲ್ಲೇಖಗೊಂಡಿತು. ಎಷ್ಟೋ ಮನೆತನಗಳು ರಕ್ತದಿಂದಲ್ಲ, ಒಬ್ಬ ವಿಧವೆಯ ನಿರ್ಧಾರದಿಂದ ಮುಂದುವರಿದಿವೆ. ವಂಶವೃಕ್ಷದಲ್ಲಿ ದತ್ತಪುತ್ರನನ್ನು ಔರಸನೆಂದು ಬರೆಯುವುದರಿಂದ ಆ ತಾಯಿಯ ಹೆಸರೇ ಅಳಿಸಿಹೋಗುತ್ತದೆ. ಅಳಿಯಸಂತಾನ ಕಟ್ಟು ನಡೆದ ದಕ್ಷಿಣ ಕನ್ನಡದ ಜೈನ ಕುಟುಂಬಗಳಲ್ಲಿಯಾದರೋ ಹುಡುಕಾಟದ ದಿಕ್ಕೇ ಬೇರೆ. ಅಲ್ಲಿ ತಂದೆಯಿಂದ ತಂದೆಗಲ್ಲ, ತಾಯಿಯಿಂದ ತಾಯಿಗೆ ಹೋಗಬೇಕು.

ಯುದ್ಧದ ಪಟ್ಟಿಗಳು

ಅಹಿಂಸೆಯನ್ನು ಪರಮಧರ್ಮವೆಂದ ಸಮಾಜದವರು ಯುದ್ಧದ ಪಟ್ಟಿಗಳಲ್ಲಿ ತಮ್ಮ ಹಿರಿಯರನ್ನು ಹುಡುಕುವುದು ವಿರಳ. ಆದರೂ 1914–18ರ ಮಹಾಯುದ್ಧಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿದರು. 70,000ಕ್ಕೂ ಹೆಚ್ಚು ಜನ ಮರಳಲಿಲ್ಲ. ಮೆಸೊಪೊಟೇಮಿಯದ ಕೂತ್ ನಗರದ ಮುತ್ತಿಗೆಯಲ್ಲಿ ಸಿಲುಕಿ 1916ರ ಏಪ್ರಿಲ್ 29ರಂದು ಶರಣಾದ ಸೈನ್ಯದಲ್ಲಿ 103, 110 ಮತ್ತು 117ನೆಯ ಮರಾಠಾ ಪಡೆಗಳಿದ್ದವು. ಸೈನ್ಯವು ಜಾತಿವಾರು ಭರ್ತಿ ಮಾಡುತ್ತಿದ್ದ ಆ ಕಾಲದಲ್ಲಿ ಜೈನನೊಬ್ಬನ ಹೆಸರು ಜೈನನೆಂದೇ ದಾಖಲಾಗಿರಬೇಕೆಂದಿಲ್ಲ. ಕೋವಿ ಹಿಡಿಯದೆ ಗುಮಾಸ್ತ, ಸರಬರಾಜು ನೌಕರ, ಕೂಲಿ ಪಡೆಯ ಆಳು ಎಂದು ಹೋದವರ ಪಟ್ಟಿಗಳು ಬೇರೆ. ಊರಲ್ಲೇ ಇದ್ದು 1917ರ ಯುದ್ಧಸಾಲಕ್ಕೆ ಹಣ ಕೊಟ್ಟವರು, ಧಾನ್ಯ ಹತ್ತಿಗಳ ಬೆಲೆ ಏರಿದಾಗ ಲಾಭ ಕಂಡವರೂ ಆ ಯುದ್ಧದ ಹೊರಗಿರಲಿಲ್ಲ.

ಬಸ್ರಾ ಸ್ಮಾರಕದ ಒಂದು ಸಂಗತಿ ಮನಕಲಕುವಂಥದು. ಮೆಸೊಪೊಟೇಮಿಯದಲ್ಲಿ ಮಡಿದು ಸಮಾಧಿ ಕಾಣದ 40,000ಕ್ಕೂ ಹೆಚ್ಚು ಯೋಧರಿಗಾಗಿ ನಿರ್ಮಿಸಿದ ಆ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೊರೆದರು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಪಡೆಯ ಹೆಸರಿನ ಕೆಳಗೆ ಸಂಖ್ಯೆಯಿಂದಷ್ಟೇ ಸೂಚಿಸಿದರು. ಈ ಅಸಮಾನತೆಯನ್ನು ಸಮರಸಮಾಧಿಗಳ ಆಯೋಗವೇ 2021ರ ವರದಿಯಲ್ಲಿ ಒಪ್ಪಿ ಕ್ಷಮೆ ಕೋರಿತು. ಕಲ್ಲಿನಲ್ಲಿ ಇಲ್ಲದ ಹೆಸರುಗಳು ಆಯೋಗದ ಪಟ್ಟಿಗಳಲ್ಲಿ ತಂದೆಯ ಹೆಸರು, ಊರುಗಳೊಡನೆ ಸಿಗುವುದುಂಟು.

1918ರ ಮರಣ ನೋಂದಣಿಯನ್ನೂ ಯುದ್ಧದ ದಾಖಲೆಯೆಂದೇ ಓದಬೇಕು. ಯುದ್ಧದ ಕೊನೆಯ ತಿಂಗಳುಗಳಲ್ಲಿ ಹಡಗುಗಳೊಡನೆ ಬಂದ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತವೊಂದರಲ್ಲೇ 10 ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ವರ್ಷ ಒಂದೇ ಮನೆಯಲ್ಲಿ ಮೂವರ ಹೆಸರು ಕಂಡರೆ, ಮರುವರ್ಷದ ಫೇರ್‌ಫಾರದಲ್ಲಿ ಅಪ್ರಾಪ್ತ ಬಾಲಕನ ಹೆಸರು ಏಕೆ ಬಂದಿತೆಂಬುದು ಅರ್ಥವಾಗುತ್ತದೆ.

ಹಿರಿಯನು ಸೈನಿಕನಾಗಿದ್ದನೆಂದು ತಿಳಿದರೆ ಅವನನ್ನು ಮರೆಮಾಡಬೇಕಾದುದಿಲ್ಲ, ವೈಭವೀಕರಿಸಬೇಕಾದುದೂ ಇಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿ ನೋಡುವ ದೃಷ್ಟಿ ಜೈನಾಚಾರದಲ್ಲಿದೆ. ಪರರಾಜ್ಯಕ್ಕಾಗಿ ಪರದೇಶದಲ್ಲಿ ಮಾಡಿದ ಯುದ್ಧವು ಆತ್ಮರಕ್ಷಣೆಯ ವಿರೋಧಿ ಹಿಂಸೆಯಲ್ಲಿ ಸುಲಭವಾಗಿ ಅಡಗುವುದಿಲ್ಲ. ಬಡತನ, ಸಾಲ, ಒತ್ತಾಯಗಳಿಂದ ಹೋದವನ ಸಂಕಲ್ಪ ಎಂಥದೆಂದು ಹೇಳುವುದೂ ಸುಲಭವಲ್ಲ. ದಾಖಲೆಯು ಕ್ರಿಯೆಯನ್ನು ತೋರಿಸೀತು, ಭಾವವನ್ನಲ್ಲ.

ಬರೆಯುವವರ ಹೊಣೆ

ಖಾತೆಯ ಪುಸ್ತಕದಲ್ಲಿ ಅವನು ಕಂದಾಯ ಕೊಡುವವನು, ನ್ಯಾಯಾಲಯದಲ್ಲಿ ಮೃತನು, ಯುದ್ಧದ ಪಟ್ಟಿಯಲ್ಲಿ ಒಂದು ಸಂಖ್ಯೆ. ಒಂದೊಂದೂ ನಿಜ, ಯಾವುದೂ ಪೂರ್ಣವಲ್ಲ. ಮೂರನ್ನೂ ಎದುರಿಗಿಟ್ಟು, ಪ್ರತಿಯೊಂದನ್ನೂ ‘ಈ ದೃಷ್ಟಿಯಿಂದ’ ಎಂದು ಓದುವುದೇ ಅನೇಕಾಂತದ ರೀತಿ.

ಪಂಚಕಲ್ಯಾಣ, ಜೀರ್ಣೋದ್ಧಾರಗಳ ಸ್ಮರಣ ಸಂಚಿಕೆಗಳಲ್ಲಿ ಮನೆತನಗಳ ಇತಿಹಾಸ ಪ್ರಕಟವಾಗುತ್ತಿರುತ್ತದೆ. ಇಲ್ಲದ ಪದವಿ ಸೇರಿಸುವುದು, ಇದ್ದ ಋಣವನ್ನು ಬಿಡುವುದು, ದತ್ತಕವನ್ನು ಮರೆಸುವುದು ಸಣ್ಣ ಸಂಗತಿಗಳೆನಿಸಬಹುದು. ಆದರೆ ಸತ್ಯಾಣುವ್ರತದ ಅದೇ ಐದು ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’, ಅಂದರೆ ಸುಳ್ಳು ಬರಹ, ಇನ್ನೊಂದು. ಬಸದಿಯ ಟ್ರಸ್ಟುಗಳು ತಮ್ಮಲ್ಲಿರುವ ಹಳೆಯ ಸನದು, ಜಮಾಖರ್ಚಿನ ಪುಸ್ತಕ, ಮೋಡಿ ಕಾಗದಗಳನ್ನು ಗೆದ್ದಲಿಗೆ ಬಿಡದೆ ಪ್ರತಿ ಮಾಡಿಸಿ, ಬಲ್ಲವರಿಂದ ಓದಿಸಿ, ಪಟ್ಟಿ ಮಾಡಿಡಬೇಕು. ಕುಟುಂಬಗಳು ತಮ್ಮ ಮನೆಯ ಗಂಟುಗಳನ್ನು ಬಿಚ್ಚಿ ಆ ಪಟ್ಟಿಯೊಡನೆ ಹೋಲಿಸಿ ನೋಡಬೇಕು. ಹಿಂದಿನವರು ಶಾಸ್ತ್ರವನ್ನು ಪ್ರತಿ ಮಾಡಿಸಿ ದಾನಕೊಟ್ಟರು. ದಾಖಲೆಯನ್ನು ಪ್ರತಿ ಮಾಡಿಸಿ ಉಳಿಸುವುದು ಅದೇ ಪರಂಪರೆಯ ಮುಂದುವರಿಕೆ.

ಹೀಗೆ ದೊರೆತ ಹಿರಿಯನು ಮನೆಯವರು ಬಯಸಿದಂಥವನಾಗಿರದೆ ಇರಬಹುದು. ಅವನ ಕರ್ಮಫಲ ಅವನದು. ಯಾವ ವಂಶಜನೂ ಅದನ್ನು ಹೊರಲಾರನು, ಕಳೆಯಲಾರನು. ಆದರೆ ಅವನಿಂದ ಬಂದ ಹೊಲ, ಮನೆ, ಹೆಸರುಗಳು ಇಂದಿನವರ ಕೈಯಲ್ಲಿವೆ. ಅವುಗಳೊಡನೆ ಬಂದ ನ್ಯಾಸವನ್ನು ಗುರುತಿಸಿ ಸಲ್ಲಬೇಕಾದಲ್ಲಿಗೆ ಸಲ್ಲಿಸುವ ಕೆಲಸವೂ ಇಂದಿನವರದೇ.