ಇನ್ನೂರಕ್ಕೆ ತಿರುಗಿಸಿದ ತಿರುಪು

ನಿಡಸೋಸಿಗೆ ನಾನು ಹೋಗಿದ್ದು ಹುಕ್ಕೇರಿ ತಾಲ್ಲೂಕಿಗೆ ವಿದ್ಯುತ್ ಬಂದ ಕತೆಯ ಕಾಗದಪತ್ರ ಹುಡುಕಿಕೊಂಡು. ಹಳೆಯ ಲೈಟ್ ಬಿಲ್ಲುಗಳಿವೆ ಎಂದು ಕರೆದ ಮನೆಯವರು ಟ್ರಂಕಿನ ಜೊತೆಗೆ ಅಟ್ಟದಿಂದ ಒಂದು ವಾಲ್ವ್ ಆಂಪ್ಲಿಫೈಯರನ್ನೂ ಇಳಿಸಿದರು. ಆ ಮನೆಯ ಹಿರಿಯರೊಬ್ಬರು ಅದನ್ನು ಹೊತ್ತು ಸುತ್ತಲಿನ ಜಾತ್ರೆ, ಮದುವೆ, ಶ್ರೀಕೃಷ್ಣ ಪಾರಿಜಾತದ ಆಟಗಳಿಗೆ ಹೋಗುತ್ತಿದ್ದರಂತೆ. ಅವರು ಈಗಿಲ್ಲ. ಜೊತೆಗೆ ಹೋಗುತ್ತಿದ್ದ ತಮ್ಮ ಇದ್ದಾರೆ. ಬಿಲ್ಲುಗಳನ್ನು ಗೆದ್ದಲು ತಿಂದಿತ್ತು. ಇತಿಹಾಸಕ್ಕೆ ಬರುವ ಮೊದಲು ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು; ಬರಿಗೈಲಿ ಮರಳುವ ಬದಲು ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ.

ಒಳಗಿದ್ದವು ಎರಡು ಇಎಲ್84, ಒಂದು ಇಸಿಸಿ83, ಎಸಿಯನ್ನು ಡಿಸಿ ಮಾಡುವ ಒಂದು ಇಝಡ್81. ಗಾಜಿನ ಮೇಲೆ ಅರ್ಧ ಅಳಿಸಿದ ಬಿಇಎಲ್ ಗುರುತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಇಂಥ ವಾಲ್ವುಗಳನ್ನು ತಯಾರಿಸಲು ಶುರುಮಾಡಿದ್ದು 1961ರಲ್ಲಿ. ಗಿಟಾರ್ ನುಡಿಸುವ ಓದುಗರಿಗೆ ಈ ಜೋಡಣೆ ಅಪರಿಚಿತವಲ್ಲ: 1960ರ ದಶಕದ ಮಾರ್ಷಲ್ 18 ವಾಟಿನ ಗಿಟಾರ್ ಆಂಪ್ಲಿಫೈಯರಿನಲ್ಲೂ ಒಂದು ಜೊತೆ ಇಎಲ್84, ಒಂದು ಇಝಡ್81 ಇದ್ದವು. ಅಲ್ಲಿ ರಾಕ್ ಸಂಗೀತ, ಇಲ್ಲಿ ಪಾರಿಜಾತದ ಸತ್ಯಭಾಮೆ.

ಬಹುಕಾಲ ಮಲಗಿದ್ದ ಯಂತ್ರಕ್ಕೆ ನೇರ ಕರೆಂಟ್ ಕೊಡಬಾರದು. ಸರಣಿಯಲ್ಲಿ 60 ವಾಟಿನ ಬಲ್ಬು ಹಾಕಿ ಮೊದಲು ನಿಧಾನವಾಗಿ ಎಬ್ಬಿಸಿದೆ. ಆಮೇಲೆ ಬಲ್ಬು ತೆಗೆದು ಪೂರ್ತಿ ಕೊಟ್ಟಾಗ ದನಿ ಬಂತು, ಆದರೆ ಕ್ಷೀಣ, ಮೇಲೆ ದಪ್ಪನೆಯ ಗುಂಯ್ ಎನ್ನುವ ಸದ್ದು. ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು (ಡಿಪ್ಲೊಮಾದಲ್ಲಿ ಕಲಿತ, ಜೀವ ಉಳಿಸುವ ಅಭ್ಯಾಸ) ಅಳೆದೆ. ವಾಲ್ವಿನ ಪ್ಲೇಟುಗಳಿಗೆ ಸುಮಾರು 320 ವೋಲ್ಟ್ ಇರಬೇಕಾದಲ್ಲಿ ಇದ್ದದ್ದು 210. ಗೋಡೆಯ ಸಾಕೆಟ್ಟಿನಲ್ಲಿ 228, ಅಂದರೆ ಅಲ್ಲಿ ಕೊರತೆಯಿಲ್ಲ. ವಾಲ್ವಿನ ತಂತುಗಳಿಗೆ 6.3 ಬೇಕು, ಅಲ್ಲಿ ಕಂಡದ್ದು 7.2. ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹೊರಡುವ ಎರಡು ದಾರಿ. ಒಂದರಲ್ಲಿ ಬರಗಾಲ, ಇನ್ನೊಂದರಲ್ಲಿ ನೆರೆ.

ಬರಗಾಲದ ಕಾರಣ ಬೇಗ ಸಿಕ್ಕಿತು. ಇಝಡ್81ರ ಮುಂದಿನ ಮೊದಲ ಕಂಡೆನ್ಸರ್ ಒಣಗಿಹೋಗಿತ್ತು. ವಿದ್ಯುತ್ತನ್ನು ತುಂಬಿಟ್ಟುಕೊಂಡು ಅಲೆಯ ತಗ್ಗುಗಳಲ್ಲಿ ಸುರಿಯಬೇಕಾದ ಹಂಡೆ ಅದು. ಹಂಡೆ ತೂತಾದರೆ ಸರಾಸರಿ ಒತ್ತಡ ಇಳಿಯುತ್ತದೆ, 50 ಹರ್ಟ್ಸ್‌ನ ಎರಡರಷ್ಟು, ಅಂದರೆ 100 ಹರ್ಟ್ಸ್‌ನ ಗುಂಯ್‌ಕಾರ ಉಳಿಯುತ್ತದೆ. ಹೊಸದನ್ನು ಬೆಸುಗೆ ಹಾಕಿದೆ. ಸದ್ದು ಅಡಗಿತು. ಮೀಟರಿನಲ್ಲಿ 365! ತೆಗೆದ ಕಂಡೆನ್ಸರಿನ ಡಬ್ಬಿಯ ಮೇಲೆ ಬರೆದಿದ್ದ ಮಿತಿ 350.

ಆಗ ಯಂತ್ರವನ್ನು ಹಿಂದೆ ತಿರುಗಿಸಿದೆ. ಸಣ್ಣ ಹಲಗೆಯಲ್ಲಿ ನಾಲ್ಕು ಗುಳಿ: 200, 210, 230, 250. ಊರಿನ ವೋಲ್ಟೇಜಿಗೆ ತಕ್ಕಂತೆ ಟ್ರಾನ್ಸ್‌ಫಾರ್ಮರನ್ನು ಹೊಂದಿಸುವ ತಿರುಪು 200ರಲ್ಲಿತ್ತು. 230ರ ಗುಳಿಯ ಸುತ್ತಲೂ ಸ್ಕ್ರೂಡ್ರೈವರ್ ಗೀರುಗಳಿದ್ದವು. 210, 250ರ ಸುತ್ತಿನ ಬಣ್ಣ ಮಾತ್ರ ಹೊಸದರಂತಿತ್ತು.

ತಮ್ಮನನ್ನು ಕೇಳಿದೆ. “ದೀಪಾ ಕೆಂಪಗಾದ್ರ ಎರಡ್ನೂರಕ್ಕ ಹಾಕತಿದ್ವಿ, ಬೆಳ್ಳಗಾದ್ರ ತಗೀತಿದ್ವಿ,” ಎಂದರು. ಕೆಲವೊಮ್ಮೆ ಆಟದ ನಡುವೆಯೇ. ಸ್ವಿಚ್ ಆರಿಸಿ, ತಿರುಪು ಬದಲಿಸಿ, ವಾಲ್ವು ಮತ್ತೆ ಕಾಯುವವರೆಗೆ ಹಾರ್ಮೋನಿಯಂ ಬರಿದನಿಯಲ್ಲೇ ನಡೆಯುತ್ತಿತ್ತು.

ಇಲ್ಲಿ ನನ್ನ ಕಾಗದಗಳ ಕಡೆ ಬರಬೇಕು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಮಾದರಿಯಲ್ಲಿ ದೇಶದ ಐದು ಕಡೆ ಪ್ರಯೋಗ ಮಾಡಲು ತೀರ್ಮಾನವಾಯಿತು: ಆಂಧ್ರದ ಸಿರ್ಸಿಲ್ಲಾ, ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ ಪ್ರವರಾ, ಉತ್ತರ ಪ್ರದೇಶದ ಲಖನೌ, ನಮ್ಮ ಹುಕ್ಕೇರಿ. ಕರ್ನಾಟಕದಲ್ಲಿ ಗ್ರಾಹಕರೇ ಸದಸ್ಯರಾಗಿರುವ ಇಂಥ ಸಂಘ ಇದೊಂದೇ. ಇದರ ಬಗ್ಗೆ ನಾನು ಓದಿದ್ದರಲ್ಲೆಲ್ಲ ಎಣಿಕೆಯದೇ ಕಾರುಬಾರು: ಎಷ್ಟು ಹಳ್ಳಿ, ಎಷ್ಟು ಮನೆ, ಎಷ್ಟು ಪಂಪ್‌ಸೆಟ್ಟು. ನನ್ನ ಪ್ರಬಂಧದ ಮೂರನೇ ಅಧ್ಯಾಯವೂ ಹಾಗೆಯೇ ಇತ್ತು. ತಂತಿ ತಲುಪಿದ ದಿನ ವಿದ್ಯುತ್ ತಲುಪಿತು ಎಂದು ನಾನು ಬರೆದುಬಿಟ್ಟಿದ್ದೆ.

ಇದು ಯಾವುದೇ ಸಂಸ್ಥೆಯ ಮೇಲಿನ ದೂರಲ್ಲ, ಭೌತಶಾಸ್ತ್ರ. ಹಿರಣ್ಯಕೇಶಿ, ಘಟಪ್ರಭೆಯ ಈ ಸೀಮೆ ಕಬ್ಬಿನದು. ಉದ್ದನೆಯ ತಂತಿಯ ಕೊನೆಯಲ್ಲಿ ಪಂಪುಗಳು ಒಟ್ಟಿಗೆ ಓಡಿದರೆ ವೋಲ್ಟೇಜ್ ಕುಸಿಯುತ್ತದೆ. ಕುಸಿದಷ್ಟೂ ಭಾರ ಹೊತ್ತ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಎಳೆದಷ್ಟೂ ಇನ್ನಷ್ಟು ಕುಸಿತ. ಕಂಬದಿಂದ 180 ಬಂದರೆ 230ಕ್ಕೆ ಹೊಂದಿಸಿದ ಯಂತ್ರದ ತಂತುವಿಗೆ ಸಿಗುವುದು 4.9 ವೋಲ್ಟ್. ತಿರುಪು 200ಕ್ಕೆ ಹಾಕಿದರೆ 5.7. ಸತ್ಯಭಾಮೆಯ ಪದ ಕೊನೆಯ ಸಾಲಿನವರಿಗೆ ಕೇಳುವುದೂ ಬಿಡುವುದೂ ಆ ಅಂತರದಲ್ಲಿತ್ತು.

ಪೆಟ್ಟಿಗೆ ಊರೂರು ಸುತ್ತಿದ್ದು. ಗೀರುಗಳು ಯಾವ ಊರಿನವು, ಯಾವ ವರ್ಷದವು ಎಂದು ಹೇಳಲು ಬರುವುದಿಲ್ಲ. ಕಂಡೆನ್ಸರ್ ಬರೀ ವಯಸ್ಸಿಗೂ ಒಣಗುತ್ತದೆ. ಆದರೂ ಕೊನೆಗೆ 200ರಲ್ಲೇ ಉಳಿದ ತಿರುಪು, ಆಮೇಲೆ ಬಂದ ಒಳ್ಳೆಯ ಕರೆಂಟು, ಮಿತಿ ಮೀರಿದ 15 ವೋಲ್ಟು: ಈ ಮೂರನ್ನು ಬಿಡಿಬಿಡಿಯಾಗಿ ನೋಡಲು ನನಗೆ ಮನಸ್ಸಾಗಲಿಲ್ಲ. ಮೂರನೇ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ.

ಹಲಗೆಯ ಫೋಟೋ ತೆಗೆದುಕೊಂಡು, ಸ್ವಿಚ್ ಆರಿಸಿ ತಿರುಪನ್ನು 230ಕ್ಕೆ ಹಾಕಿದೆ. ತಂತುವಿಗೆ 6.2, ಪ್ಲೇಟಿಗೆ 317. ಮೈಕಿನಲ್ಲಿ ಮನೆಯ ಹುಡುಗ ಹಲೋ ಹಲೋ ಎಂದ. ಓಣಿಯವರು ಹೊರಗೆ ಬಂದರು. ತಮ್ಮ ಮಾತ್ರ ಹಿಂದಿನ ಹಲಗೆಯನ್ನೇ ನೋಡುತ್ತಿದ್ದರು.

“ಸಂಜಿ ಆಗ್ಲಿ, ನೋಡೂಣು,” ಎಂದರು.